ವಿಂಡೋಸ್ ಏಳೋ, ಹನ್ನೊಂದೋ? ನಮ್ಮನೆ ಹಳೇ ಕಂಪ್ಯೂಟರ್ ಕತೆ

ಈ ಸಲ ಅಡಿಕೆ ಸುದ್ದಿನೂ ಅಲ್ಲ, ನಾಲೆ ನೀರಿನ ಸುದ್ದಿನೂ ಅಲ್ಲ. ಕಂಪ್ಯೂಟರ್ ಸುದ್ದಿ. ನಮಗ್ಯಾಕೆ ಅಂತ ಮುಂದಕ್ಕೆ ಸರಿಸಬೇಡಿ. ಇದನ್ನು ಓದ್ತಿರೋ ನಿಮ್ಮಲ್ಲೇ ಕೆಲವರ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ, ಪಹಣಿ ಎಲ್ಲಾ ನಮ್ಮನೆ ಕಂಪ್ಯೂಟರಿನಲ್ಲಿ ಕೂತಿದ್ದವು. ಬೆಳೆ ವಿಮೆ ಕಟ್ಟೋಕೆ, ಅರ್ಜಿ ಹಾಕೋಕೆ ಅಂತ ನೀವು ಬಂದಾಗ ಸ್ಕ್ಯಾನ್ ಮಾಡಿದ್ದು ನಾನೇ. ಆಮೇಲೆ ಅಳಿಸಬೇಕು ಅಂತ ನನಗೂ ಹೊಳೀಲಿಲ್ಲ, ಕೇಳಬೇಕು ಅಂತ ನಿಮಗೂ ಅನ್ನಿಸಲಿಲ್ಲ.

ಆ ಕಂಪ್ಯೂಟರ್ 2012ರಲ್ಲಿ ಮಗನ ಓದಿಗೆ ಅಂತ ದಾವಣಗೆರೆಯಿಂದ ತಂದದ್ದು. ವಿಂಡೋಸ್ 7 ಇತ್ತು. ಮಗ ಓದಿ ಬೆಂಗಳೂರು ಸೇರಿದ, ಕಂಪ್ಯೂಟರ್ ನನ್ನ ಪಾಲಿಗೆ ಉಳೀತು. ಎಸ್ಸೆಸ್ಸೆಲ್ಸಿ ಪಾಸಾದವನು ನಾನು, ಒಂದೊಂದೇ ಬೆರಳಲ್ಲಿ ನುಡಿ ಟೈಪಿಂಗ್ ಕಲಿತೆ. ಯಾವ ವರ್ಷ ತೋಟ ಯಾವ ರೇಟಿಗೆ ಖೇಣಿ ಹೋಯ್ತು, ಬೋರು ಎಷ್ಟು ಅಡಿಗೆ ನೀರು ಬಂತು, ಭದ್ರಾ ನಾಲೆಗೆ ಯಾವ ತಾರೀಖು ನೀರು ಬಿಟ್ಟರು, ನಮ್ಮ ಅಣ್ಣತಮ್ಮಂದಿರ ಪಾಲಿನ ಲೆಕ್ಕ, ಎಲ್ಲಾ ಅದರಲ್ಲೇ. ಹನ್ನೆರಡು ವರ್ಷದ ಬದುಕು ಅನ್ನಿ.

ವಿಂಡೋಸ್ ಅಂದ್ರೆ ಏನು ಅಂತ ನಮ್ಮ ಮನೆಯವರು ಒಂದ್ಸಲ ಕೇಳಿದ್ರು. ಯಂತ್ರ ಎತ್ತು, ಟೈಪ್ ಮಾಡೋ ಸಾಫ್ಟ್‌ವೇರ್ ನೇಗಿಲು, ಎರಡನ್ನೂ ಕೂಡಿಸೋ ನೊಗ ವಿಂಡೋಸು ಅಂದೆ. ಅದಕ್ಕೇ ಆಪರೇಟಿಂಗ್ ಸಿಸ್ಟಮ್ ಅನ್ನೋದು.

ಈ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಕಂಪನಿ 2020ರ ಜನವರಿ 14ಕ್ಕೆ ರಿಪೇರಿ ನಿಲ್ಲಿಸಿತು. ರಿಪೇರಿ ಅಂದ್ರೆ ಅಪ್‌ಡೇಟು. ಕಳ್ಳ ನುಗ್ಗೋ ಕಿಂಡಿ ಗೊತ್ತಾದಂಗೆಲ್ಲಾ ಅವರು ಮುಚ್ಚಿ ಕಳಿಸ್ತಿದ್ದರು, ಅವತ್ತಿನಿಂದ ಮುಚ್ಚೋರಿಲ್ಲ. 2023ರ ಶುರುವಿನಲ್ಲಿ ಕ್ರೋಮ್ ಬ್ರೌಸರ್ ಕೂಡ 109ನೇ ಆವೃತ್ತಿಗೆ ನಿಂತಿತು, ಅಲ್ಲಿಂದ ಮುಂದಿನದು ವಿಂಡೋಸ್ 7ಕ್ಕೆ ಬರೋದಿಲ್ಲ. ಮಗ ಇದನ್ನೆಲ್ಲಾ ಫೋನಿನಲ್ಲಿ ಹೇಳ್ತಾನೇ ಇದ್ದ. "ನಮ್ಮನೇಲಿ ಕದಿಯೋಕೆ ಏನೈತಪ್ಪಾ, ಅಡಿಕೆ ಲೆಕ್ಕ ಕದ್ದು ಏನ್ ಮಾಡ್ತಾರೆ" ಅಂತ ನಾನು ಫೋನ್ ಇಡ್ತಿದ್ದೆ. ಅದು ನನ್ನ ತಪ್ಪು. ನನ್ನದು ಏನೂ ಇಲ್ಲದಿರಬಹುದು, ನಿಮ್ಮದು ಇತ್ತಲ್ಲ.

ಕಣ್ಣು ತೆರೆಸಿದ್ದು ಭಯ ಅಲ್ಲ, ಬ್ಯಾಂಕು. ಹೋದ ವರ್ಷ ಬ್ಯಾಂಕಿನ ಪುಟ ಈ ಕಂಪ್ಯೂಟರಿನಲ್ಲಿ ತೆರೆಯೋದೇ ನಿಂತುಹೋಯ್ತು. ಒಂದು ಅಂಗಡಿಗೆ ಹೊತ್ಕೊಂಡು ಹೋದೆ. ಅಲ್ಲಿದ್ದ ಹುಡುಗ ನೋಡಿದವನೇ, "ಐನೂರು ಕೊಡಿ ಯಜಮಾನ್ರೇ, ಸಂಜೆಗೆ ವಿಂಡೋಸ್ 11 ಹಾಕ್ಕೊಡ್ತೀನಿ" ಅಂದ. ಆಸೆ ಆಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೊನ್ನಾಳಿ ಕಡೆ ಇರೋ ನಮ್ಮ ಷಡ್ಡಕರು ಹಿಂಗೇ ಯಾವುದೋ ಅಂಗಡಿಗೆ ಕೊಟ್ಟಿದ್ದರು. ಕಂಪ್ಯೂಟರ್ ಹೊಸ ಮದುಮಗನ ಹಾಗೆ ವಾಪಸ್ ಬಂತು, ಡಿ ಡ್ರೈವ್ ಮಾತ್ರ ಖಾಲಿ. ಮಗಳ ಮದುವೆ ಫೋಟೋ, ಗೊಬ್ಬರದ ಅಂಗಡಿ ಲೆಕ್ಕ, ಏನೂ ಇಲ್ಲ. ಅದು ನೆನಪಾಗಿ, ಆಮೇಲೆ ಬರ್ತೀನಿ ಅಂದು ಎತ್ಕೊಂಡು ಬಂದೆ.

ಮನೆಗೆ ಬಂದು ಮಗನ ಹತ್ರ ವಿಚಾರಿಸಿದಾಗ ಗೊತ್ತಾಗಿದ್ದು ಏನಂದ್ರೆ, ವಿಂಡೋಸ್ 11ಕ್ಕೆ ಕಂಪನಿಯವರೇ ಕೆಲವು ಕಟ್ಟುಪಾಡು ಹಾಕ್ಯಾರೆ. ಟಿಪಿಎಂ 2.0 ಅನ್ನೋ ಭದ್ರತೆಯ ಸಲಕರಣೆ ಒಳಗಿರಬೇಕು, ಕಮ್ಮಿ ಅಂದ್ರೂ 4 ಜಿಬಿ ರ‍್ಯಾಮ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಆಮೇಲಿನದು ಇರಬೇಕು. ನಮ್ಮದು ಮೂರನೇ ತಲೆಮಾರು. ಅಂಗಡಿ ಹುಡುಗ ಈ ತಪಾಸಣೆಯನ್ನು ದಾಟಿಸಿ, ಲೈಸೆನ್ಸೂ ಇಲ್ಲದೆ ಹಾಕೋನಿದ್ದ. ಹಂಗೆ ಹಾಕಿದ್ದು ಓಡುತ್ತೆ, ಇಲ್ಲ ಅನ್ನಲ್ಲ. ಆದರೆ ಮುಂದಿನ ಅಪ್‌ಡೇಟ್ ಬರುತ್ತೆ ಅಂತ ಕಂಪನಿ ಖಾತ್ರಿ ಕೊಡೋದಿಲ್ಲ. ಇನ್ನು ಲೈಸೆನ್ಸ್ ಮುರಿಯೋಕೆ ಬಳಸ್ತಾರಲ್ಲ ಆ ಕ್ರ್ಯಾಕು, ಅದರೊಳಗೆ ಏನೈತಿ ಅಂತ ಹಾಕಿದ ಹುಡುಗನಿಗೂ ಗೊತ್ತಿರಲ್ಲ. ಚೀಟಿ ಇಲ್ಲದ ಬಿತ್ತನೆ ಬೀಜ ತಂದು ಕೈ ಸುಟ್ಟುಕೊಂಡವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹಂಗಂತ ಹೊಸದು ಅಂದ ಮಾತ್ರಕ್ಕೆ ಭದ್ರ ಅಂತನೂ ಅಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅಂತ ಒಂದು ಬಂದಿತ್ತು, ನೆನಪಿರಬಹುದು. ಫೈಲಿಗೆಲ್ಲಾ ಬೀಗ ಹಾಕಿ ದುಡ್ಡು ಕೇಳ್ತಿತ್ತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಎರಡು ತಿಂಗಳು ಮುಂಚೆ, ಮಾರ್ಚಿನಲ್ಲೇ ರಿಪೇರಿ ಕಳಿಸಿತ್ತು. ಹೊಡೆತ ತಿಂದಿದ್ದು ಹೆಚ್ಚಾಗಿ ವಿಂಡೋಸ್ 7, ಅದೂ ರಿಪೇರಿ ಹಾಕಿಕೊಳ್ಳದೆ ಕೂತವು. ಅವತ್ತಿಗೆ ವಿಂಡೋಸ್ 7 ಇನ್ನೂ ಚಾಲ್ತಿಯಲ್ಲಿತ್ತು ಅನ್ನೋದು ಗಮನಿಸಿ. ನಮ್ಮ ಕಡೆ ಮೊಬೈಲ್ ಹಾಟ್‌ಸ್ಪಾಟಿನಲ್ಲೇ ನೆಟ್ ಓಡಿಸೋದು, ಡೇಟಾ ಖರ್ಚಾಗುತ್ತೆ ಅಂತ ಅಪ್‌ಡೇಟ್ ಬಂದ್ ಮಾಡಿಡ್ತೀವಿ. ನಲವತ್ತು ಸಾವಿರ ಕೊಟ್ಟು ಹೊಸ ಲ್ಯಾಪ್‌ಟಾಪ್ ತಂದು ಅಪ್‌ಡೇಟ್ ಬಂದ್ ಮಾಡಿದರೆ ಅದೂ ನನ್ನ ಹಳೇ ಡಬ್ಬಾನೂ ಒಂದೇ.

ಈಗ ನಾನು ಮಾಡಿದ್ದು. ಎಸ್‌ಎಸ್‌ಡಿ ಅನ್ನೋ ಹೊಸ ಥರದ ಡಿಸ್ಕ್ ಒಂದು ತಂದೆ, ಎರಡು ಸಾವಿರದ ಒಳಗೇ ಆಯ್ತು. ಅದಕ್ಕೆ ಮಗ ಲಿನಕ್ಸ್ ಮಿಂಟ್ ಹಾಕಿಕೊಟ್ಟ. ದುಡ್ಡಿಲ್ಲ, ಲೈಸೆನ್ಸ್ ರಗಳೆ ಇಲ್ಲ, ಈಗ ಹಾಕಿರೋ 22ನೇ ಆವೃತ್ತಿಗೆ 2029ರವರೆಗೆ ರಿಪೇರಿ ಬರುತ್ತೆ. ಬ್ಯಾಂಕು, ಪಹಣಿ, ಅರ್ಜಿ, ಇಂಟರ್ನೆಟ್ ಮುಟ್ಟೋ ಕೆಲಸ ಎಲ್ಲಾ ಇದರಲ್ಲೇ. ಹಳೇ ಡಿಸ್ಕು, ವಿಂಡೋಸ್ 7 ಸಮೇತ ಪಕ್ಕದಲ್ಲೇ ಇದೆ, ಚಾಲೂ ಮಾಡುವಾಗ ಯಾವುದು ಬೇಕು ಅಂತ ಕೇಳುತ್ತೆ. ಆದರೆ ಏಳರಲ್ಲಿ ನೆಟ್ ಪೂರ್ತಿ ಬಂದ್. ಮನೇಲಿರೋ ಮುದಿ ಎತ್ತನ್ನ ಸಂತೆಗೆ ಹೊಡೀಲಿಲ್ಲ, ಹೆದ್ದಾರಿಗೂ ಬಿಡಲಿಲ್ಲ.

ಲಿನಕ್ಸ್ ಅಂದ್ರೆ ಇಂಜಿನಿಯರುಗಳಿಗೆ ಅಂತ ನಾನೂ ತಿಳಿದಿದ್ದೆ. ಕೇರಳದ ಸರ್ಕಾರಿ ಶಾಲೆಗಳಲ್ಲಿ ವರ್ಷಗಳಿಂದ ಮಕ್ಕಳು ಕಂಪ್ಯೂಟರ್ ಕಲಿಯೋದು ಲಿನಕ್ಸಿನಲ್ಲೇ ಅಂತೆ, ಕಾಸರಗೋಡಿನ ಕನ್ನಡ ಶಾಲೆ ಮಕ್ಕಳೂ ಸೇರಿ. ಮಕ್ಕಳಿಗೆ ಬರೋದು ನಮಗೆ ಬರಲ್ವಾ? ಮುಖ್ಯವಾಗಿ ಕನ್ನಡ ಟೈಪಿಂಗ್. ಅದರ ಕೀಬೋರ್ಡ್ ಪಟ್ಟಿಯಲ್ಲಿ "ಕಗಪ" ಅಂತ ಒಂದೈತಿ. ಕನ್ನಡ ಗಣಕ ಪರಿಷತ್ತು ಅನ್ನೋದರ ಮೊದಲ ಅಕ್ಷರಗಳು, ನುಡಿ ಮಾಡಿದವರೂ ಅವರೇ. ಬಹುಪಾಲು ಅದೇ ಕೀಲಿ, ಅದೇ ಬೆರಳು. ಅವತ್ತು ನನಗಾದ ಸಮಾಧಾನ ಹೇಳತೀರದು.

ನಿಜವಾದ ತಲೆನೋವು ಬಂದಿದ್ದು ಹಳೇ ನುಡಿ ಫೈಲುಗಳಿಂದ. ಬೇರೆ ಕಡೆ ತೆಗೆದರೆ ಇಂಗ್ಲಿಷ್ ಅಕ್ಷರಕ್ಕೆ ಕೊಂಬು, ಟೋಪಿ ಇಟ್ಟಂಗೆ ಕಾಣ್ತಿದ್ವು. ಕಾರಣ ಇಷ್ಟೇ, ಹಳೇ ನುಡಿ ಒಳಗೆ ಬರೆದಿಡೋದು ಇಂಗ್ಲಿಷಿನ ಅಂಕೆಗಳನ್ನ, ಅದರ ಮೇಲೆ ಕನ್ನಡದ ಮುಖವಾಡ ಹಾಕೋದು ಫಾಂಟು. ಫಾಂಟ್ ಹೋದರೆ ಮುಖವಾಡ ಹೋಯ್ತು. ಯೂನಿಕೋಡಿನಲ್ಲಿ ಕನ್ನಡ ಅಕ್ಷರಕ್ಕೆ ಅದರದೇ ಸ್ವಂತ ಅಂಕೆ, ಎಲ್ಲಿ ತೆಗೆದರೂ ಕನ್ನಡವೇ. ಹಂಗೆ ನೋಡಿದರೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ಯೂನಿಕೋಡ್ ಕನ್ನಡ ಬಂದಿತ್ತು, ಫಾಂಟಿನ ಹೆಸರು ತುಂಗಾ. ಭದ್ರಾ ನೀರು ಕುಡಿಯೋ ನಾವು ತುಂಗಾನ ಇಪ್ಪತ್ತು ವರ್ಷ ಗಮನಿಸಲೇ ಇಲ್ಲ! ನುಡಿ ಫೈಲನ್ನ ಯೂನಿಕೋಡಿಗೆ ತಿರುಗಿಸೋ ಸಲಕರಣೆಗಳು ಪುಕ್ಕಟೆ ಸಿಗ್ತವೆ. ನಾನು ರಾತ್ರಿ ಊಟ ಆದ ಮೇಲೆ ಕೂತು, ಒಂದು ತಿಂಗಳಲ್ಲಿ ಎಲ್ಲಾ ತಿರುಗಿಸಿದೆ. ಒತ್ತಕ್ಷರ ಅಲ್ಲಲ್ಲಿ ಕೆಡ್ತವೆ, ಪಾಲಿನ ಲೆಕ್ಕದಂಥವನ್ನ ಹಳೇದರ ಪಕ್ಕ ಇಟ್ಟು ಸಾಲು ಸಾಲು ಓದಬೇಕು.

ಲಿನಕ್ಸಿನಲ್ಲಿ ಕಷ್ಟವೂ ಐತಿ. ನಮ್ಮ ಹಳೇ ಪ್ರಿಂಟರ್ ಅದರಲ್ಲಿ ಮಾತೇ ಕೇಳ್ತಿಲ್ಲ, ಪ್ರಿಂಟಿಗೆ ಈಗಲೂ ಏಳಕ್ಕೇ ಹೋಗಬೇಕು. ಮಗ ಬಂದಾಗ ನೋಡ್ತೀನಿ ಅಂದು ಎರಡು ಹಬ್ಬ ಕಳೆದ್ವು. ಸೊಸೈಟಿ ಲೆಕ್ಕಕ್ಕೆ ವಿಂಡೋಸಿನಲ್ಲಿ ಮಾತ್ರ ಓಡೋ ಸಾಫ್ಟ್‌ವೇರ್ ಬೇಕಾದವರಿಗೆ ನನ್ನ ದಾರಿ ಒಗ್ಗಲ್ಲ. ಅಂಥವರು ದುಡ್ಡು ಕೂಡಿಸಿ ಹನ್ನೊಂದಿರೋ ಹೊಸ ಯಂತ್ರವನ್ನೇ ತಗೊಳ್ಳಿ, ಬಿಲ್ ಸಮೇತ. ವಿಂಡೋಸ್ 10 ಇರೋರು ನಿಶ್ಚಿಂತೆ ಅಂದ್ಕೋಬೇಡಿ, ಅದಕ್ಕೂ 2025ರ ಅಕ್ಟೋಬರ್ 14ಕ್ಕೆ ಅವಧಿ ಮುಗೀತು. ಮನೆ ಬಳಕೆಯವರು ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್‌ವರೆಗೆ ಭದ್ರತೆಯ ರಿಪೇರಿ ಮಾತ್ರ ಕೊಡ್ತಾರೆ. ಲಿನಕ್ಸ್ ನೋಡೋ ಮನಸ್ಸಿದ್ದರೆ ಮೊದಲು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಿ, ಹಾಕು ಅಂತ ಒತ್ತೋವರೆಗೂ ಡಿಸ್ಕನ್ನ ಮುಟ್ಟೋದಿಲ್ಲ. ಯಾರ ಕೈಗೆ ಕೊಟ್ಟರೂ ಕೊಡೋ ಮುಂಚೆ ಎಲ್ಲಾ ಒಂದು ಪ್ರತಿ ಹೊರಗೆ ತೆಗೆದಿಡಿ. ನಮ್ಮ ಷಡ್ಡಕರನ್ನ ನೆನೆಸ್ಕೊಳ್ಳಿ.

ಕೊನೇದಾಗಿ ನಿಮ್ಮ ಕಾಗದಪತ್ರ. ಈಗ ಎಲ್ಲಾ ಒಂದು ಪೆನ್‌ಡ್ರೈವಿಗೆ ತೆಗೆದು ಬೀರುವಿನಲ್ಲಿ ಇಟ್ಟೀನಿ, ಕಂಪ್ಯೂಟರಿನಿಂದ ಅಳಿಸೀನಿ. ಬೇಕಾದವರು ಈ ಭಾನುವಾರ ಅಥವಾ ಮುಂದಿನ ಭಾನುವಾರ ಬೆಳಿಗ್ಗೆ ಹತ್ತರೊಳಗೆ ಮನೆಗೆ ಬನ್ನಿ, ಆಮೇಲೆ ನಾನು ತೋಟದಲ್ಲಿರ್ತೀನಿ. ಬೇಡ ಅನ್ನೋರು ಒಂದು ಫೋನ್ ಮಾಡಿ, ಅದರಿಂದಲೂ ಅಳಿಸ್ತೀನಿ.