ಮೈದಾನದ ಪಾಲೆಷ್ಟು, ಆಟಗಾರನ ಪಾಲೆಷ್ಟು?

ಮಕ್ಕಳೇ, ಈ ವಾರ ದಾಳ ಉರುಳಿಸೋಣ. ಪಗಡೆಯ ದಾಳವಲ್ಲ, ಬೇಸ್‌ಬಾಲ್ ದಾಳ. ಅಮೆರಿಕದಲ್ಲಿ ‘ಸ್ಟ್ರಾಟ್-ಒ-ಮ್ಯಾಟಿಕ್’ ಎಂಬ ಮನೆಯೊಳಗಿನ ಆಟವಿದೆ. ಹ್ಯಾಲ್ ರಿಚ್‌ಮನ್ ಎಂಬ ಹುಡುಗ ಹನ್ನೊಂದನೆಯ ವಯಸ್ಸಿನಲ್ಲೇ ಇದನ್ನು ಹೊಸೆಯತೊಡಗಿದ. 1961ರಲ್ಲಿ ಅದು ಮಾರಾಟಕ್ಕೆ ಬಂತು. ಬ್ಯಾಟು, ಚೆಂಡು, ಬಯಲು ಯಾವುದೂ ಬೇಡ. ನಿಜವಾದ ಆಟಗಾರರು ಒಂದು ವರ್ಷ ಹೇಗೆ ಆಡಿದರೋ ಅದರ ಲೆಕ್ಕವನ್ನು ಒಬ್ಬೊಬ್ಬರಿಗೂ ಒಂದೊಂದು ಕಾರ್ಡಿನಲ್ಲಿ ಇಳಿಸಿರುತ್ತಾರೆ.

ಆಡುವುದು ಮೂರು ದಾಳಗಳಿಂದ. ಮೊದಲ ದಾಳದಲ್ಲಿ 1, 2, 3 ಬಿದ್ದರೆ ಬ್ಯಾಟ್ ಹಿಡಿದವನ ಕಾರ್ಡು ನೋಡಬೇಕು. 4, 5, 6 ಬಿದ್ದರೆ ಚೆಂಡೆಸೆಯುವವನ ಕಾರ್ಡು. ಉಳಿದೆರಡು ದಾಳಗಳ ಮೊತ್ತ ಯಾವ ಸಾಲು ಎಂದು ಹೇಳುತ್ತದೆ. ಎರಡು ದಾಳಗಳು ಒಟ್ಟು 36 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಮೊತ್ತ 7 ಆಗುವುದು ಆರು ಬಗೆ, 12 ಆಗುವುದು ಒಂದೇ ಬಗೆ. ಹಾಗಾಗಿ 7ರ ಸಾಲಿನಲ್ಲಿ ‘ಹೋಮ್‌ರನ್’ ಎಂದು ಬರೆದಿದ್ದರೆ ಆತ ಭಾರೀ ಹೊಡೆತಗಾರನೇ ಸರಿ.

ಇನ್ನು ಮೈದಾನದ ವಿಷಯ. ಬೇಸ್‌ಬಾಲಿನಲ್ಲಿ ಚೆಂಡು ಕೊನೆಯ ಗೋಡೆ ದಾಟಿದರೆ ಹೋಮ್‌ರನ್. ಆದರೆ ಆ ಗೋಡೆ ಊರಿಗೊಂದು ಥರ. ಬಾಸ್ಟನ್ನಿನ ಫೆನ್‌ವೇ ಪಾರ್ಕ್‌ನಲ್ಲಿ ಎಡಗಡೆಯ ಗೋಡೆ ಹತ್ತಿರವೇ ಇದೆ, ಆದರೆ ಎತ್ತರ 37 ಅಡಿ! ಡೆನ್ವರ್ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಮೇಲೆ. ಅಲ್ಲಿ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಹೊಡೆದ ಚೆಂಡು ಇನ್ನಷ್ಟು ದೂರ ಹಾರುತ್ತದೆ.

ಇದನ್ನು ಆಟದೊಳಗೆ ತರಲು ಇಪ್ಪತ್ತು ಮುಖದ ದಾಳವೊಂದಿದೆ. ಕಾರ್ಡಿನ ಕೆಲವು ಸಾಲುಗಳಲ್ಲಿ ಮೈದಾನದ ಗುರುತು ಇರುತ್ತದೆ. ಅದು ಬಂದಾಗ ಈ ದಾಳ ಉರುಳಿಸಬೇಕು. ಒಂದು ಮೈದಾನದ ಅಂಕಿ 15 ಎಂದುಕೊಳ್ಳಿ. 1ರಿಂದ 15ರೊಳಗೆ ಬಿದ್ದರೆ ಹೋಮ್‌ರನ್, ಮೀರಿದರೆ ಔಟ್. ಎಡಗೈ ಹೊಡೆತಗಾರರಿಗೊಂದು ಅಂಕಿ, ಬಲಗೈಯವರಿಗೊಂದು.

ಈ ಅಂಕಿಯನ್ನು ಅಂದಾಜು ಮಾಡುವುದು ಹೇಗೆ? ಅಲ್ಲಿನ ತಂಡ ತವರಿನಲ್ಲಿ ಹೊಡೆದ ಹೋಮ್‌ರನ್ ಎಣಿಸಿದರೆ ಸಾಲದು. ಬಲಿಷ್ಠ ತಂಡ ಎಲ್ಲಿ ಹೋದರೂ ಹೊಡೆಯುತ್ತದೆ. ಆದ್ದರಿಂದ ಆ ಮೈದಾನದಲ್ಲಿ ಎರಡೂ ತಂಡದವರು ಹೊಡೆದದ್ದನ್ನು ಕೂಡಿಸಿ. ಅದೇ ತಂಡ ಹೊರಊರುಗಳಲ್ಲಿ ಆಡಿದಾಗ ಎರಡೂ ಕಡೆಯವರು ಹೊಡೆದದ್ದನ್ನೂ ಕೂಡಿಸಿ. ಒಂದು ಋತುವಿನಲ್ಲಿ ತವರಿನಲ್ಲಿ 81 ಪಂದ್ಯ, ಹೊರಗೆ 81; ಹೋಲಿಕೆ ಸರಿಹೋಗುತ್ತದೆ. ತವರಿನಲ್ಲಿ 240, ಹೊರಗೆ 200 ಬಂದರೆ ಭಾಗಿಸಿ: 1.2.

ಹಾಗೆಂದು ಆಟಗಾರನ ಲೆಕ್ಕವನ್ನು 1.2ರಿಂದ ಭಾಗಿಸಬಾರದು. ಅವನು ತವರಿನಲ್ಲಿ ಆಡುವುದು ಅರ್ಧ ಪಂದ್ಯಗಳನ್ನು ಮಾತ್ರ. ಉಳಿದರ್ಧ ಊರೂರು ಸುತ್ತಿ ಆಡುತ್ತಾನೆ. ಅದಕ್ಕೆ 1 ಎಂದು ಹಿಡಿಯಿರಿ. 1.2 ಮತ್ತು 1ರ ಸರಾಸರಿ 1.1. ವರ್ಷಕ್ಕೆ 33 ಹೋಮ್‌ರನ್ ಹೊಡೆದವನು ಸಾಧಾರಣ ಮೈದಾನದಲ್ಲಿ 30 ಹೊಡೆಯುತ್ತಿದ್ದ ಎಂದಾಯಿತು. ಕಾರ್ಡಿಗೆ ಹೋಗಬೇಕಾದದ್ದು ಈ 30. ಕಾರ್ಡಿನಲ್ಲಿ 33 ಬರೆದು, ಮೇಲೆ ಮೈದಾನದ ದಾಳವನ್ನೂ ಉರುಳಿಸಿದರೆ ಒಂದೇ ಚೀಟಿಯನ್ನು ಎರಡು ಸಲ ಜಮಾ ಮಾಡಿದಂತೆ. ಬ್ಯಾಂಕಿನಲ್ಲಿ ಹಾಗೆ ಮಾಡಿದರೆ ರಾತ್ರಿಯಾದರೂ ಲೆಜರ್ ತಾಳೆಯಾಗದು!

ಒಂದು ವರ್ಷದ ಲೆಕ್ಕದಲ್ಲಿ ಅದೃಷ್ಟವೂ ಬೆರೆತಿರುತ್ತದೆ. ಮೂರು ವರ್ಷಗಳದ್ದು ಸೇರಿಸಿದರೆ ವಾಸಿ. ಆದರೆ ಮೈದಾನವೇ ಬದಲಾದರೆ ಹೊಸ ಖಾತೆ ತೆರೆಯಬೇಕು. ಡೆನ್ವರ್‌ನ ಒಣಹವೆಯಲ್ಲಿ ಚೆಂಡುಗಳು ಒಣಗಿ ಗಟ್ಟಿಯಾಗುತ್ತಿದ್ದವು. 2002ರಿಂದ ಅವನ್ನು ತೇವಾಂಶವಿರುವ ಕೋಣೆಯಲ್ಲಿಡತೊಡಗಿದರು. ಅದರ ಹಿಂದಿನ ವರ್ಷಗಳನ್ನೂ ಮುಂದಿನವನ್ನೂ ಬೆರೆಸುವಂತಿಲ್ಲ.

ಇಷ್ಟು ಲೆಕ್ಕ ಯಾಕಪ್ಪ, ಬರೀ ಆಟ ತಾನೇ ಎನ್ನುತ್ತೀರಾ? ಲ್ಯಾರಿ ವಾಕರ್ ಅವರ ಕಥೆ ಕೇಳಿ. ಡೆನ್ವರ್‌ನ ಕೊಲರಾಡೊ ರಾಕೀಸ್ ತಂಡಕ್ಕೆ ಆಡಿದ ಇವರು 1997ರಲ್ಲಿ 49 ಹೋಮ್‌ರನ್ ಹೊಡೆದರು. ‘ಆ ಎತ್ತರದಲ್ಲಿ ಯಾರು ಹೊಡೆದರೂ ಹಾರುತ್ತೆ ಬಿಡಿ’ ಎಂದವರು ಬಹಳ ಮಂದಿ. ಲೆಕ್ಕ ಬಿಡಿಸಿ ನೋಡಿದರೆ ಆ ವರ್ಷ ತವರಿನಲ್ಲಿ ಹೊಡೆದದ್ದು 20, ಹೊರಗೆ 29! ಇಡೀ ವೃತ್ತಿಜೀವನದಲ್ಲಿ ಡೆನ್ವರ್ ಅವರಿಗೆ ನೆರವಾಗಿದ್ದು ನಿಜ. ಆದರೆ ಊರಿನ ಹೆಸರು ಹೇಳಿ ಎಲ್ಲವನ್ನೂ ಕಳೆಯುವುದು ನ್ಯಾಯವಲ್ಲ. ಬೇಸ್‌ಬಾಲಿನ ಅತಿದೊಡ್ಡ ಗೌರವವಾದ ‘ಹಾಲ್ ಆಫ್ ಫೇಮ್’ಗೆ ಶೇ 75 ಮತ ಬೇಕು. ವಾಕರ್ ಆಯ್ಕೆಯಾದದ್ದು 2020ರಲ್ಲಿ, ಹತ್ತನೆಯ ಹಾಗೂ ಕೊನೆಯ ಅವಕಾಶದಲ್ಲಿ, ಶೇ 76.6 ಮತ ಪಡೆದು.

ಅನುಕೂಲ ಇದ್ದವರ ಲೆಕ್ಕದಿಂದ ಅನುಕೂಲದ ಪಾಲನ್ನು ಕಳೆಯಬೇಕು, ಒಪ್ಪಿದೆ. ಆದರೆ ಅಷ್ಟನ್ನೇ ಕಳೆಯಬೇಕು. ಒಂದು ಕಾಸೂ ಹೆಚ್ಚಲ್ಲ.

ಈಗ ನಿಮ್ಮ ಸರದಿ. ಒಂದು ಮೈದಾನದಲ್ಲಿ ಮೂರು ವರ್ಷಗಳಲ್ಲಿ ಎರಡೂ ಕಡೆಯವರು ಸೇರಿ 330 ಹೋಮ್‌ರನ್ ಹೊಡೆದರು. ಅದೇ ತಂಡದ ಹೊರಊರಿನ ಅಷ್ಟೇ ಪಂದ್ಯಗಳಲ್ಲಿ 300. ಆ ತಂಡದ ಒಬ್ಬ ಆಟಗಾರ ಒಂದು ವರ್ಷ 21 ಹೊಡೆದಿದ್ದಾನೆ. ಅವನ ಕಾರ್ಡಿನಲ್ಲಿ ಎಷ್ಟು ಬರೆಯುತ್ತೀರಿ? ಅಪ್ಪ ಅಮ್ಮನನ್ನೂ ಕೂರಿಸಿಕೊಂಡು ಬಿಡಿಸಿ. ಉತ್ತರ ಪೂರ್ಣ ಸಂಖ್ಯೆಯಲ್ಲೇ ಬರುತ್ತದೆ. ಬರದಿದ್ದರೆ ಅರ್ಧ ಮಾಡುವುದನ್ನು ಮರೆತಿದ್ದೀರಿ ಎಂದರ್ಥ.