ಬಾನೆಟ್ ಎತ್ತಲು ಜಾಗವೆಲ್ಲಿದೆ?

ಡೊಂಬಿವಲಿ ಪೂರ್ವದಿಂದ ಕಲ್ಯಾಣ–ಶೀಳ್ ರಸ್ತೆಗೆ ಬಂದು ರಿಕ್ಷಾದವರಿಗೆ 'ಪ್ರೀಮಿಯರ್ ಕಾಲೋನಿ' ಎಂದರೆ ಸಾಕು, ಹೆಚ್ಚಿನ ವಿವರ ಕೇಳುವುದಿಲ್ಲ. ಪದ್ಮಿನಿ ಕಾರು ತಯಾರಿಸುತ್ತಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯಿಂದ ಬಂದ ಹೆಸರು ಅದು. ಕಂಪನಿಯ ಮೂಲ ಕಾರ್ಖಾನೆ ಕುರ್ಲಾದಲ್ಲಿತ್ತು, ಇನ್ನೊಂದು ಇಲ್ಲಿ. 1990ರ ದಶಕದ ಮಧ್ಯದಲ್ಲಿ ಪೂಜೊ 309 ಕಾರು ಇಲ್ಲಿಂದಲೇ ಹೊರಬರುತ್ತಿತ್ತು. ಈಗ ಆ ರಸ್ತೆಯ ಎರಡೂ ಬದಿ ಮೂವತ್ತು ಮಹಡಿಯ ಟವರುಗಳು. ಅಂಥ ಬಹುತೇಕ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ತಪ್ಪದೇ ಇರುತ್ತದೆ: ಪಾರ್ಕಿಂಗ್ ಜಾಗದಲ್ಲಿ ವಾಹನ ರಿಪೇರಿ ಮಾಡುವಂತಿಲ್ಲ. ಒಂದು ಕಾಲಕ್ಕೆ ಕಾರು ಕಟ್ಟುತ್ತಿದ್ದ ಊರಿನಲ್ಲಿ ಇಂದು ಪ್ಲಗ್ ಬದಲಿಸಲು ಬಾನೆಟ್ ಎತ್ತಿದರೂ ವಾಚ್‌ಮನ್ ಬಂದು ನಿಲ್ಲುತ್ತಾನೆ.

ನನ್ನ ಬಳಿ 2003ರ ಫಿಯೆಟ್ ಪಾಲಿಯೊ 1.6 ಇದೆ. ಸ್ಪೋರ್ಟ್ಸ್ ಕಾರು ಎಂದರೆ ಎರಡೇ ಸೀಟು, ಎತ್ತಿ ಮಡಚುವ ಟಾಪು ಎನ್ನುವವರು ನಗಬಹುದು. ಅಂಥದ್ದನ್ನೂ ನಮ್ಮವರು ಮಾಡಿದ್ದರು, ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಅದನ್ನು ರಸ್ತೆಯ ಮೇಲೆ ಕಂಡವರೇ ಕಡಿಮೆ. ನಮ್ಮ ತಲೆಮಾರಿನ ಮಧ್ಯಮ ವರ್ಗಕ್ಕೆ ಸ್ಪೋರ್ಟ್ಸ್ ಕಾರು ಎಂದರೆ ಹೋಂಡಾ ಸಿಟಿ ವಿಟೆಕ್, ಫೋರ್ಡ್ ಐಕಾನ್ 1.6, ಈ ಪಾಲಿಯೊ. ನೂರರ ಆಸುಪಾಸಿನ ಅಶ್ವಶಕ್ತಿ, ಕುಡಿದಷ್ಟೂ ಸಾಲದ ಪೆಟ್ರೋಲು. 2001ರಲ್ಲಿ ಬಿಡುಗಡೆಯಾದ ಈ ಕಾರು ತಯಾರಾಗುತ್ತಿದ್ದುದು ಕುರ್ಲಾದಲ್ಲೇ. ನನ್ನ ಸೋದರಮಾವ ಧಾರವಾಡದಲ್ಲಿ ಕೊಂಡು ಹದಿನಾರು ವರ್ಷ ಓಡಿಸಿದರು. ಅವರ ಮೊಣಕಾಲಿಗೆ ಕ್ಲಚ್ ಭಾರವಾದಾಗ ಕಾರು ನನಗೆ ಬಂತು. ಅದು ಇಲ್ಲಿಂದ ಧಾರವಾಡಕ್ಕೆ ಹೋಗಿತ್ತು, ನಾನು ಧಾರವಾಡದಿಂದ ಇಲ್ಲಿಗೆ ಬಂದವನು. ಲೆಕ್ಕ ಚುಕ್ತಾ.

ಹೊರನಾಡಿಗೆ ಕಾರು ತರುವ ಯೋಚನೆ ಇರುವವರಿಗಾಗಿ ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನೋಂದಣಿ ಸಂಖ್ಯೆ ಪಡೆಯಲೇಬೇಕು. ಮೂಲ ಆರ್‌ಟಿಒದಿಂದ ಎನ್‌ಒಸಿ, ಚಾಸಿ ನಂಬರಿನ ಪೆನ್ಸಿಲ್ ಅಚ್ಚು, ಇಲ್ಲಿಯ ರಸ್ತೆ ತೆರಿಗೆ, ಹಳೆಯ ರಾಜ್ಯದಲ್ಲಿ ಕಟ್ಟಿದ್ದರ ಮರುಪಾವತಿಗೆ ಬೇರೆ ಅರ್ಜಿ. ನನ್ನ ಕೆಎ 25 ಹೋಗಿ ಎಂಎಚ್ 05 ಬಂತು. ಠಾಣೆಯವರಿಗೆ 04, ನವಿ ಮುಂಬೈಯವರಿಗೆ 43. 'ಊರಿನ ನಂಬರ್ ಪ್ಲೇಟು ಇರಲಿ ಬಿಡ್ರಿ' ಎಂದು ವರ್ಷಗಟ್ಟಲೆ ಹಾಗೇ ಓಡಿಸುವ ನಮ್ಮವರು ಬಹಳ ಜನ ಇದ್ದಾರೆ. ಹೊಸ ಕಾರಿನಲ್ಲಿ ಅದು ನಡೆದುಹೋಗಬಹುದು. ಹಳೆಯ ಕಾರಿಗೆ ಮೊದಲೇ ಎಲ್ಲರ ಕಣ್ಣು. ಕಾಗದಪತ್ರವೂ ಅರೆಬರೆ ಇದ್ದರೆ ವಾದ ಮಾಡಲು ಬಾಯೇ ಇರುವುದಿಲ್ಲ.

ವಾದ ಇರುವುದು ಇಲ್ಲಿ. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ನನ್ನ ಕಾರಿನ ಮೊದಲ ನವೀಕರಣ 2018ರಲ್ಲಿ, ಆಗ ಕೇಂದ್ರ ನಿಗದಿಪಡಿಸಿದ್ದ ಶುಲ್ಕ 600 ರೂಪಾಯಿ. 2022ರ ಏಪ್ರಿಲ್‌ನಿಂದ ಅದು 5,000 ಆಯಿತು, 2023ರಲ್ಲಿ ನಾನು ಕಟ್ಟಿದ್ದು ಅದನ್ನೇ. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ಎಂದು ಅಧಿಸೂಚನೆ ಬಂತು. ರಾಜ್ಯದ ಪರಿಸರ ತೆರಿಗೆ ಬೇರೆ. ಒಂದೇ ಕಾರು, ಅದೇ ತಪಾಸಣೆ, ಹತ್ತು ವರ್ಷದಲ್ಲಿ ಹದಿನಾರು ಪಟ್ಟು ಹಣ. ದುಡ್ಡು ಹೆಚ್ಚಾಯಿತು ಎಂಬುದು ನನ್ನ ತಕರಾರಲ್ಲ. ಒಂದು ಜೊತೆ ಒಳ್ಳೆಯ ಟೈರಿಗೆ ಅಷ್ಟಾಗುತ್ತದೆ. ಈ ಶುಲ್ಕ ಅಳೆಯುವುದು ಕಾರಿನ ಸ್ಥಿತಿಯನ್ನಲ್ಲ, ಹುಟ್ಟಿದ ತಾರೀಖನ್ನು. ಬ್ರೇಕ್ ಪೈಪು ಸೋರುವ ಇಪ್ಪತ್ತೊಂದು ವರ್ಷದ ಕಾರಿಗೂ, ಪ್ರತಿ ಭಾನುವಾರ ಕೈಗೆ ಗ್ರೀಸ್ ಮೆತ್ತಿಕೊಂಡು ನೋಡಿಕೊಂಡ ಕಾರಿಗೂ ಒಂದೇ ದರ.

2021ರ ಸ್ಕ್ರ್ಯಾಪ್ ನೀತಿ ಕಾಗದದ ಮೇಲೆ ಇದಕ್ಕಿಂತ ವಿವೇಕದ್ದು. ಇಪ್ಪತ್ತು ವರ್ಷದ ನಂತರ ಖಾಸಗಿ ವಾಹನ ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾದರೆ ಮಾತ್ರ ಗುಜರಿಗೆ ಎನ್ನುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ದೆಹಲಿಯಲ್ಲಿ ನಡೆದದ್ದು ಬೇರೆ. 2025ರ ಜುಲೈ 1ರಿಂದ ಹತ್ತು ವರ್ಷ ಮೀರಿದ ಡೀಸೆಲ್, ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳಿಗೆ ಬಂಕಿನಲ್ಲಿ ಇಂಧನವೇ ಇಲ್ಲ ಎಂದರು, ಜನ ಕೂಗೆದ್ದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿದರು. ನಮ್ಮ ಭಾಗಕ್ಕೆ ಅದು ದೂರದ ಸುದ್ದಿಯೇನಲ್ಲ. ಅದೇ ವರ್ಷದ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಕೊಟ್ಟ ಸೂಚನೆಯಂತೆ, ಮುಂಬೈ ಮಹಾನಗರ ಪ್ರದೇಶದಲ್ಲಿ ಪೆಟ್ರೋಲ್, ಡೀಸೆಲ್ ವಾಹನಗಳನ್ನೇ ನಿಲ್ಲಿಸಬಹುದೇ ಎಂದು ನೋಡಲು ಮಹಾರಾಷ್ಟ್ರ ಸರ್ಕಾರ ಏಳು ಜನರ ಸಮಿತಿ ರಚಿಸಿತು. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬೈ ಎಲ್ಲವೂ ಆ ಪ್ರದೇಶದೊಳಗೇ ಇವೆ.

ನನ್ನ ಕಾರು ಬಿಎಸ್–6 ಕಾರಿಗಿಂತ ಹೆಚ್ಚು ಹೊಗೆ ಬಿಡುತ್ತದೆ. ಇದನ್ನು ಒಪ್ಪದೆ ಮಾತಾಡುವ ಹಳೇ ಕಾರಿನ ಪ್ರೇಮಿಗಳ ಮೇಲೆ ನನಗೆ ಭರವಸೆ ಇಲ್ಲ. ಆದರೆ ನಾನು ಐರೋಲಿಯ ಆಫೀಸಿಗೆ ಹೋಗುವುದು ಕಂಪನಿ ಬಸ್ಸಿನಲ್ಲಿ. ಪಾಲಿಯೊ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು: ಬೆಳಗಿನ ಜಾವ ಮುರಬಾಡ್ ದಾಟಿ ಮಾಳ್‌ಶೇಜ್ ಘಾಟಿಗೆ ಹೋಗುವ ಕೆಲವು ಭಾನುವಾರಗಳು, ದೀಪಾವಳಿಗೊಮ್ಮೆ ಧಾರವಾಡ. ಶೀಳ್‌ಫಾಟಾದ ಜಾಮಿನಲ್ಲಿ ದಿನಕ್ಕೆರಡು ಗಂಟೆ ಎಂಜಿನ್ ಚಾಲೂ ಇಟ್ಟು ನಿಲ್ಲುವ ಹೊಸ ಎಸ್‌ಯುವಿಯ ಲೆಕ್ಕವನ್ನೂ ಯಾರಾದರೂ ಹಾಕಲಿ. ಸೈಲೆನ್ಸರಿನಿಂದ ಬರುವುದನ್ನು ಅಳೆಯಿರಿ, ಓಡಿದ ಕಿಲೋಮೀಟರ್ ನೋಡಿರಿ, ತೆರಿಗೆಯನ್ನು ಅದರ ಮೇಲೆ ಹಾಕಿರಿ. ನಾನು ಕಟ್ಟುತ್ತೇನೆ.

ವಿಂಟೇಜ್ ಎಂಬ ರಿಯಾಯಿತಿ ಒಂದಿದೆಯಲ್ಲ ಎಂದು ಗೆಳೆಯರು ಹೇಳುತ್ತಾರೆ. ಇದೆ, 2021ರ ಜುಲೈನಲ್ಲಿ ನಿಯಮ ಬಂದಿದೆ, ನಂಬರಿನಲ್ಲಿ 'ವಿಎ' ಎಂದು ಬರುತ್ತದೆ. ಆದರೆ ಅದಕ್ಕೆ ಐವತ್ತು ವರ್ಷ ತುಂಬಬೇಕು. ನನ್ನ ಕಾರಿಗೆ ಅದು ಸಿಗುವುದು 2053ರಲ್ಲಿ, ಆಗ ನನಗೆ 63. ಇಪ್ಪತ್ತಕ್ಕೆ ಮುದಿಯಾಗಿ ಐವತ್ತಕ್ಕೆ ಪೂಜ್ಯವಾಗುವ ನಡುವಿನ ಮೂವತ್ತು ವರ್ಷ ಈ ಕಾರುಗಳನ್ನು ಯಾರಾದರೂ ಎಲ್ಲಾದರೂ ನೋಡಿಕೊಂಡರೆ ತಾನೆ ಅವು ವಿಂಟೇಜ್ ಆಗುವುದು? ಪದ್ಮಿನಿಯ ಕತೆ ಕಣ್ಣಮುಂದೆಯೇ ಇದೆ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು, ಇಪ್ಪತ್ತು ವರ್ಷ ತುಂಬಿದ್ದರಿಂದ 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆ ಬಿಟ್ಟಿತು. ಆಮೇಲೆ ಪತ್ರಿಕೆಗಳಲ್ಲಿ ಬಹಳ ನೆನಪುಗಳು ಬಂದವು.

ಇಂಥ ಕಾರನ್ನು ಮನೆಯಲ್ಲೇ ಏಕೆ ನೋಡಿಕೊಳ್ಳಬೇಕು? ಶೋಕಿಗಲ್ಲ, ಬೇರೆ ದಾರಿ ಇಲ್ಲ. ಫಿಯೆಟ್ ಹೆಸರಿನ ಕಾರುಗಳ ಮಾರಾಟವೇ ಇಲ್ಲಿ 2019ರ ಹೊತ್ತಿಗೆ ನಿಂತಿತು. ದೊಡ್ಡ ಸರ್ವಿಸ್ ಸೆಂಟರಿನ ಹುಡುಗರು ಈ ಎಂಜಿನ್ ನೋಡಿಯೇ ಇರುವುದಿಲ್ಲ. ಕುರ್ಲಾದ ಸಿಎಸ್‌ಟಿ ರಸ್ತೆಯ ಗುಜರಿಯಲ್ಲಿ ಹುಡುಕಬೇಕು, ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಫೋನು. ಸಣ್ಣ ಬುಷ್ಷೋ ಸ್ಪೇಸರ್ರೋ ಆದರೆ ಡೊಂಬಿವಲಿ ಎಂಐಡಿಸಿಯಲ್ಲಿ ಲೇತ್ ಇಟ್ಟವರು ಹಳೆಯದನ್ನು ನೋಡಿ ಹೊಸದು ಕಡೆದುಕೊಡುತ್ತಾರೆ. ಯಾವುದು ಸವೆದಿದೆ ಎಂದು ಬಿಚ್ಚಿ ನೋಡಿದವನಿಗೆ ಮಾತ್ರ ಏನನ್ನು ಹುಡುಕಬೇಕೆಂದು ಗೊತ್ತು.

ನನಗೆ ಈ ಕೆಲಸ ಕಲಿಸಿದವರು ಕುರ್ಲಾ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದ ವಿಜಯಪುರ ಕಡೆಯ ಹಿರಿಯರು. ಕಾಕಾ ಎಂದೇ ಕರೆಯುತ್ತೇನೆ, ಮರಾಠಿಗರಿಗೂ ಅವರು ಕಾಕಾನೇ. ಮೊದಲ ದಿನ ನಾನು ಸೈಲೆನ್ಸರ್ ಬದಲಿಸಿದರೆ ಪಿಕಪ್ ಎಷ್ಟು ಹೆಚ್ಚಾಗುತ್ತದೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು: 'ತಮ್ಮಾ, ಮೊದ್ಲ ನಿಲ್ಲೂದನ್ನ ನೋಡು, ಓಡೂದು ಆಮ್ಯಾಲೆ.'

ಅದರಂತೆ ಶುರುವಾದದ್ದು ಬ್ರೇಕಿನಿಂದ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಧಾರವಾಡಕ್ಕಿಂತ ಕೊಂಕಣದ ಈ ಬೆವರಿನ ಹವೆಯಲ್ಲಿ ಅದು ಇನ್ನೂ ಬೇಗ. ನೀರು ಸೇರಿದ ಆಯಿಲ್ ಘಾಟಿ ಇಳಿಯುವಾಗ ಕಾದು ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಒಬ್ಬರು ಪೆಡಲ್ ಒತ್ತಲು, ಒಬ್ಬರು ಕೆಳಗೆ ನಿಪ್ಪಲ್ ಬಿಚ್ಚಲು ಇದ್ದರೆ ಒಂದು ಗಂಟೆಯ ಕೆಲಸ. ನಮ್ಮಲ್ಲಿ ಪೆಡಲ್ ಒತ್ತುವುದು ನನ್ನ ಹೆಂಡತಿ, ಎಣಿಕೆ ತಪ್ಪಿದರೆ ಬೈಸಿಕೊಳ್ಳುವುದು ನಾನು. ಆಮೇಲೆ ಟೈಮಿಂಗ್ ಬೆಲ್ಟ್. ಇಂಥ ಎಂಜಿನ್ನಿನಲ್ಲಿ ಓಡುವಾಗ ಬೆಲ್ಟ್ ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ಬೆಲ್ಟ್ ರಬ್ಬರಿನದು, ಕಾರು ಓಡದೇ ನಿಂತಿದ್ದರೂ ಅದಕ್ಕೆ ವಯಸ್ಸಾಗುತ್ತದೆ. 'ಕಿಲೋಮೀಟರ್ ಕಡಿಮೆ ಆಗಿದೆ' ಎಂಬ ಸಮಾಧಾನ ಇಲ್ಲಿ ನಡೆಯದು. ಟೈರಿಗೂ ಇದೇ ಮಾತು. ಪಕ್ಕದಲ್ಲಿ ನಾಲ್ಕಂಕಿ ಇರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಗೆರೆ ಆಳವಾಗಿದೆ ಎಂದು ಎಂಟು ವರ್ಷದ ಟೈರಿನಲ್ಲಿ ಮಳೆಗಾಲದ ಮಾಳ್‌ಶೇಜ್ ಹತ್ತಬೇಡಿ.

ಕೊಳ್ಳುವವರಿಗೆ ಒಂದು ಮಾತು. 2005ರ ಜುಲೈ 26ರ ಮಳೆ, 2019ರ ಜುಲೈನಲ್ಲಿ ಉಲ್ಲಾಸ್ ನದಿ ಉಕ್ಕಿದ್ದು, ಇವೆಲ್ಲ ಕಲ್ಯಾಣ, ಬದಲಾಪುರ ಕಡೆಯ ಎಷ್ಟೋ ಕಾರುಗಳನ್ನು ಮುಳುಗಿಸಿವೆ. ಪಾಲಿಶ್ ಮಾಡಿದರೆ ಹೊರಗೆ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಗೆರೆ ಇದೆಯೇ ನೋಡಿ, ಕಾರ್ಪೆಟ್ ಎತ್ತಿ ಮೂಸಿ, ಸೀಟಿನ ಕಂಬಿ ತುಕ್ಕು ಹಿಡಿದಿದೆಯೇ ಕೈಯಾಡಿಸಿ. ಬಾಗಿಲಿನ ಕೆಳಗೆ ನೀರು ಇಳಿಯುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿದ್ದರೆ ಒಳಗಿಂದ ತಗಡು ಕೊಳೆಯುತ್ತಿದೆ ಎಂದರ್ಥ.

ಈಗ ಹೊಸ ತಲೆನೋವು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲು. 2021ರ ನೀತಿ ಆಯೋಗದ ವರದಿಯೇ ಎಥೆನಾಲ್‌ಗಾಗಿ ರೂಪಿಸದ ಕಾರುಗಳ ಮೈಲೇಜ್ ಶೇಕಡಾ 6–7ರಷ್ಟು ಇಳಿಯಬಹುದು ಎಂದಿತ್ತು. ಹಳೆಯ ವಾಹನಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೆಲವು ರಬ್ಬರ್ ಭಾಗ ಬದಲಿಸಬೇಕಾಗಬಹುದು, ಖರ್ಚು ಹೆಚ್ಚಿಲ್ಲ ಎಂದು 2025ರಲ್ಲಿ ಪೆಟ್ರೋಲಿಯಂ ಸಚಿವಾಲಯವೂ ಹೇಳಿತು. ಖರ್ಚು ಹೆಚ್ಚಿಲ್ಲ, ನಿಜ. ಆದರೆ ನೋಡುವವರು ಯಾರು? ಪೆಟ್ರೋಲ್ ಪೈಪು ಮೆತ್ತಗಾಗಿದೆಯೇ ಎಂದು ಬೆರಳಲ್ಲಿ ಒತ್ತಿ ನೋಡಲು ಬಾನೆಟ್ ಎತ್ತಬೇಕು. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಮುಂದಿನದು ಅಗ್ನಿಶಾಮಕ ದಳದ ಕೆಲಸ. ಪಾರ್ಕಿಂಗಿನಲ್ಲಿ ರಿಪೇರಿ ಬೇಡ ಎನ್ನುವ ಸೊಸೈಟಿ ತನ್ನ ನೆಲಮಾಳಿಗೆಯಲ್ಲೇ ಆ ಅಪಾಯವನ್ನು ಬೀಗ ಹಾಕಿ ಇಟ್ಟುಕೊಂಡಂತೆ.

ಮಾಡಿಫೈ ಎಂಬ ಪದಕ್ಕೆ ನಮ್ಮಲ್ಲಿ ಕೆಟ್ಟ ಹೆಸರು ಬಂದದ್ದು ಸುಮ್ಮನೆ ಅಲ್ಲ. ರಾತ್ರಿ ಹನ್ನೊಂದಕ್ಕೆ ಪಾಮ್ ಬೀಚ್ ರಸ್ತೆಯಲ್ಲಿ ಸೈಲೆನ್ಸರ್ ಬಿಚ್ಚಿ ಗುಂಡು ಹಾರಿಸಿದಂತೆ ಸದ್ದು ಮಾಡುವವರೇ ಅದಕ್ಕೆ ಕಾರಣ. ಅವರ ಪರವಾಗಿ ನನ್ನ ಒಂದಕ್ಷರವೂ ಇಲ್ಲ. 52ನೇ ಕಲಂ ಪ್ರಕಾರ ಆರ್‌ಸಿಯ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಬಂತು. ಹಾಗಾಗಿ ನಾನು ಮಾಡಿದ ಮಾಡಿಫಿಕೇಶನ್ ಕೇಳಿದರೆ ಹುಡುಗರಿಗೆ ನಿರಾಸೆಯಾಗುತ್ತದೆ. ಒಳ್ಳೆಯ ಬ್ರೇಕ್ ಪ್ಯಾಡು, ಹೊಸ ಶಾಕ್ ಅಬ್ಸಾರ್ಬರ್, ಎಥೆನಾಲ್ ತಾಳುವ ಪೆಟ್ರೋಲ್ ಪೈಪು, ಹೆಡ್‌ಲೈಟಿಗೆ ರಿಲೇ. ಈ ಕೊನೆಯದು ಐನೂರು ಚಿಲ್ಲರೆ ರೂಪಾಯಿ, ಒಂದು ಮಧ್ಯಾಹ್ನದ ಕೆಲಸ. ಬ್ಯಾಟರಿಯ ಕರೆಂಟು ಹಳೆಯ ಸ್ವಿಚ್ಚು, ಸಣ್ಣ ವೈರುಗಳಲ್ಲಿ ಸುತ್ತಿ ಬಲ್ಬು ಸೇರುವಾಗ ಅರ್ಧ ಬೆಳಕು ದಾರಿಯಲ್ಲೇ ಕಳೆದುಹೋಗುತ್ತದೆ. ರಿಲೇ ಹಾಕಿ ದಪ್ಪ ವೈರಿನಲ್ಲಿ ನೇರ ಕೊಟ್ಟರೆ ಅದೇ 60/55 ವ್ಯಾಟಿನ ಬಲ್ಬು ಹೊಸದರಂತೆ ಉರಿಯುತ್ತದೆ. ಎದುರಿನವರ ಕಣ್ಣು ಕುಕ್ಕುವ ಬಿಳಿ ಎಲ್‌ಇಡಿ ಬೇಕೇ ಇಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ವಿಚಾರ ಬಿಡಿ. ಕಲ್ಯಾಣದ ಗುಂಡಿಗಳು ಅದನ್ನು ಎಂದೋ ಬಗೆಹರಿಸಿವೆ.

ನಮ್ಮ ಸೊಸೈಟಿಯ ಸಭೆಯಲ್ಲಿ ನಾನು ಇಟ್ಟ ಬೇಡಿಕೆ ಸಣ್ಣದು. ಹಿಂಭಾಗದ ಟ್ಯಾಂಕರ್ ನಿಲ್ಲುವ ಮೂಲೆ, ಭಾನುವಾರ ಬೆಳಿಗ್ಗೆ ಎಂಟರಿಂದ ಹತ್ತು. ಪೇಂಟಿಂಗ್ ಇಲ್ಲ, ವೆಲ್ಡಿಂಗ್ ಇಲ್ಲ, ಎಂಜಿನ್ ರೇಸ್ ಮಾಡುವುದಿಲ್ಲ. ಕಾರಿನ ಕೆಳಗೆ ಹೋಗುವಾಗ ಜ್ಯಾಕ್ ಮೇಲೆ ಭರವಸೆ ಇಡದೆ ಸ್ಟ್ಯಾಂಡ್ ಇರಲೇಬೇಕು. ನೆಲಕ್ಕೆ ಟ್ರೇ, ಹಳೆಯ ಎಣ್ಣೆ ಕ್ಯಾನಿನಲ್ಲಿ ತುಂಬಿ ಅದನ್ನು ಮರುಬಳಕೆಗೆ ತೆಗೆದುಕೊಳ್ಳುವ ಗ್ಯಾರೇಜಿಗೆ. ಗಟಾರಕ್ಕೆ ಒಂದು ಹನಿಯೂ ಇಲ್ಲ. ಕಲೆ ಬಿದ್ದರೆ ತೊಳೆಸುವ ಖರ್ಚು ಮಾಲೀಕನದು. ಒಬ್ಬರು ಎದ್ದು 'ಇವತ್ತು ಕಾರು, ನಾಳೆ ಗ್ಯಾರೇಜೇ ತೆಗೀತಾರೆ' ಎಂದರು. ಇನ್ನೊಬ್ಬರು, ಅಚ್ಚ ಡೊಂಬಿವಲಿಕರ್, ತಮ್ಮ ತಂದೆಯ ಬಜಾಜ್ ಸ್ಕೂಟರ್ ಹದಿನೈದು ವರ್ಷದಿಂದ ಅದೇ ಮೂಲೆಯಲ್ಲಿ ಧೂಳು ತಿನ್ನುತ್ತಿದೆ, ತಾವೂ ಬರುತ್ತೇವೆ ಎಂದರು. ವಿಷಯ ಮುಂದಿನ ತಿಂಗಳ ಸಭೆಗೆ ಹೋಗಿದೆ. ಕಾಕಾ ಅಷ್ಟರಲ್ಲಿ ಆ ಸ್ಕೂಟರಿಗೆ ಕ್ಲಚ್ ಪ್ಲೇಟು ಎಲ್ಲಿ ಸಿಗುತ್ತದೆಂದು ವಿಚಾರಿಸಲು ಶುರುಮಾಡಿದ್ದಾರೆ.