ಬೀಜಕ್ಕಿಂತ ಮೊದಲು ತಿಪ್ಪೆ
ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಅಣ್ಣನ ಮಗಳು, ಅಲ್ಲಿನ ಪೌರಸಭೆಯಿಂದ ಗೇಣಿಗೆ ದೊರೆತ ಅಲಾಟ್‌ಮೆಂಟಿನಲ್ಲಿ, ಎಂದರೆ ಸುಮಾರು 250 ಚದರ ಮೀಟರಿನ ತುಂಡು ನೆಲದಲ್ಲಿ, ರಾಸಾಯನಿಕಗಳ ಸೋಂಕಿಲ್ಲದೆ ತರಕಾರಿ ಬೆಳೆಯಲು ಸಂಕಲ್ಪಿಸಿ, ‘ಚಿಕ್ಕಪ್ಪಾ, ಮೊದಲು ಯಾವ ಬೀಜ ಬಿತ್ತಲಿ?’ ಎಂದು ಈ ವಾರ ಪತ್ರ ಬರೆದಿದ್ದಾಳೆ. ತಿಪ್ಪೆಯಿಲ್ಲದೆ ಸಾವಯವ ಕೃಷಿಯನ್ನಾರಂಭಿಸುವುದು, ಹೆಪ್ಪು ಹಾಕದ ಹಾಲನ್ನು ಕಡೆದು ಬೆಣ್ಣೆಯನ್ನಪೇಕ್ಷಿಸಿದಂತೆಯೇ ಸರಿ. ಅವಳ ನೆರೆಯ ತೋಟಿಗರು ಇಂದು ಕಾಂಪೋಸ್ಟೆಂದು ಆದರಿಸುವ ವಿದ್ಯೆಗೆ, ಆಂಗ್ಲ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್ ಮಹಾಶಯರು 1924ರಿಂದ 1931ರವರೆಗೆ ನಮ್ಮ ಇಂದೋರಿನಲ್ಲಿದ್ದು, ಕಸಕಡ್ಡಿ, ಸಗಣಿ, ಬೂದಿ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ, ಆಗಾಗ ಮಗುಚಿ, ಮೂರು ತಿಂಗಳಲ್ಲಿ ಗೊಬ್ಬರವಾಗಿಸುವ ಶಾಸ್ತ್ರೀಯ ಕ್ರಮವನ್ನು ರೂಪಿಸಿಕೊಟ್ಟರು. ಅವಳಜ್ಜಿಯ ಹಿತ್ತಿಲಿಗೂ ಈ ದ್ರವ್ಯಗಳು ಅಪರಿಚಿತವೇನಲ್ಲ. ಆದುದರಿಂದ, ಈ ಚಳಿಗಾಲವೆಲ್ಲ ಕಳೆಯ ಮೇಲೆ ರಟ್ಟು ಹಾಸಿ, ಮೂಲೆಯಲ್ಲೊಂದು ತಿಪ್ಪೆ ಕಟ್ಟಮ್ಮಾ, ಬೀಜದ ಮಾತನ್ನು ವಸಂತದಲ್ಲಾಡೋಣ ಎಂದು ಉತ್ತರಿಸಿದ್ದೇನೆ.